ಭಂಡಾರಿ ಬಸವಣ್ಣನವರು

12ನೇ ಶತಮಾನದಾಗ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಜನಿವಾರ ಬೇಡವೆಂದು ಮನೆ ಬಿಟ್ಟು, ಕೃಷ್ಣಾ-ಮಲಪ್ರಭಾ ಕೂಡುವ ನಮ್ಮ ಸಂಗಮಕ್ಕೆ ಬಂದು ವಿದ್ಯೆ ಕಲಿತರು. ಮುಂದೆ ಕಲ್ಯಾಣದಲ್ಲಿ ಬಿಜ್ಜಳ ರಾಜನ ಭಂಡಾರಿಯಾದರು. ಭಂಡಾರದ ರೊಕ್ಕ ಶರಣರಿಗೆ ಹಂಚಿದರೆಂದು ಕೆಲವರು ಚಾಡಿ ಹೇಳಿದರು. ತೆಗೆದು ನೋಡಿದರೆ ಲೆಕ್ಕ ಸರಿಯಿತ್ತೆಂದು ಪುರಾಣದಾಗ ಬರುತ್ತದೆ. ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಸಮಗಾರ ಎಲ್ಲರೂ ಸರಿಸಮ ಕೂತರು. ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟದ್ದಕ್ಕೆ ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು. ಬಸವಣ್ಣನವರು ಅಧಿಕಾರ ಬಿಟ್ಟು ಸಂಗಮಕ್ಕೆ ಮರಳಿ ಇಲ್ಲೇ ಐಕ್ಯರಾದರು.

2024ರಲ್ಲಿ ಸರಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸಾರಿತು. ನಮ್ಮ ಸಂಘಕ್ಕೂ ಅವರೇ ದಾರಿ. ದುಡಿದು ಗಳಿಸೋದು ಕಾಯಕ, ಹಂಚಿ ಉಣ್ಣೋದು ದಾಸೋಹ. ಸಾಲ ಒಯ್ದವರು ಹೊತ್ತಿಗೆ ಸರಿಯಾಗಿ ಕಟ್ಟೋಣ, ನಿರ್ದೇಶಕರಾದ ನಾವು ಮಂದಿಯ ರೊಕ್ಕದ ಲೆಕ್ಕ ಯಾರು ಕೇಳಿದರೂ ತೆರೆದು ತೋರಿಸೋಣ.