ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದವರು

ಮಕ್ಕಳೇ, ಚಿತ್ರಕಲಾವಿದ ರುಮಾಲೆ ಚನ್ನಬಸವಯ್ಯನವರು ನಮ್ಮ ಗದಗ ಸೀಮೆಯವರಲ್ಲ. ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಆದರೂ ಈ ಸಲ ಅವರ ಕಥೆಯನ್ನೇ ಹೇಳುತ್ತೇನೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿರುವ ನಿಮ್ಮ ಅಜ್ಜ-ಅಜ್ಜಿಯರಿಗೂ ಇದನ್ನು ಓದಿ ಹೇಳಬೇಕೆಂಬುದು ನನ್ನ ಆಸೆ.

ರುಮಾಲೆಯವರು ಹರೆಯದಲ್ಲಿ ಬೆಂಗಳೂರಿನ ಎ.ಎನ್. ಸುಬ್ಬರಾಯರ ಕಲಾಮಂದಿರದಲ್ಲಿ ಚಿತ್ರಕಲೆ ಕಲಿತರು. ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿ ಕಾವೇರಿತು. ಬಣ್ಣ, ಕಾಗದ ಎಲ್ಲ ಬದಿಗಿಟ್ಟು ಸೇವಾದಳಕ್ಕೆ ದುಡಿದರು, ಸೆರೆಮನೆಗೂ ಹೋದರು. ದೇಶ ಸ್ವತಂತ್ರವಾದ ಮೇಲೂ ಬಿಡುವು ಸಿಗಲಿಲ್ಲ. ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು. ಹೀಗೆ ಸುಮಾರು ಮೂವತ್ತು ವರ್ಷ ಕಳೆಯಿತು. 1960ರ ದಶಕದ ಆರಂಭದಲ್ಲಿ ಸಾರ್ವಜನಿಕ ಜೀವನದಿಂದ ದೂರ ಸರಿದು ಮತ್ತೆ ಚಿತ್ರ ಬರೆಯಲು ಕೂತರು. ಆಗ ಅವರಿಗೆ ಐವತ್ತು ದಾಟಿತ್ತು. 1988ರಲ್ಲಿ ತೀರಿಕೊಳ್ಳುವತನಕ ಅದೇ ಅವರ ಬದುಕಾಯಿತು. ನಾವು ಇಂದು ಕೊಂಡಾಡುವ ಚಿತ್ರಗಳು ಬಹುಪಾಲು ಆ ವರ್ಷಗಳವು. ಹೊತ್ತು ಕಳೆಯಲು ಬರೆದವಲ್ಲ. ಮೂವತ್ತು ವರ್ಷ ಒಳಗೇ ಕಾದಿದ್ದ ಕೆಲಸ ಅದು.

ಬೆಂಗಳೂರಿನ ಹೂಬಿಟ್ಟ ಮರಗಳೆಂದರೆ ಅವರಿಗೆ ಪ್ರಾಣ. ಗುಲ್‌ಮೊಹರ್ ಕೆಂಪಾದಾಗ ಮರದೆದುರೇ ಕೂತು ಬರೆಯುತ್ತಿದ್ದರು. ತೈಲವರ್ಣ ಗೊತ್ತಿತ್ತು, ಜಲವರ್ಣವೂ ಕೈಗೆ ಒಗ್ಗಿತ್ತು.

ಜಲವರ್ಣದಲ್ಲಿ ಅರ್ಧ ಕೆಲಸ ನೀರಿನದೇ. ತೈಲವರ್ಣದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಬಣ್ಣ ಬಳಿಯಬಹುದು. ಇಲ್ಲಿ ಬಣ್ಣ ಪಾರದರ್ಶಕ, ಕೆಳಗಿನದು ಕಾಣುತ್ತಲೇ ಇರುತ್ತದೆ. ಬೆಳಕು ಬೇಕಾದ ಕಡೆ ಬಿಳಿ ಬಳಿಯುವುದಕ್ಕಿಂತ ಕಾಗದವನ್ನೇ ಖಾಲಿ ಬಿಡುವುದು ವಾಡಿಕೆ. ಕಾಗದ ಹಸಿಯಿದ್ದಾಗ ಬಣ್ಣ ಹರಡಿ ಅಂಚು ಕರಗುತ್ತದೆ. ಒಣಗಿದ ಮೇಲೆ ಹಚ್ಚಿದರೆ ಅಂಚು ಖಡಕ್ಕಾಗಿ ನಿಲ್ಲುತ್ತದೆ. ಯಾವಾಗ ಹಚ್ಚಬೇಕು, ಯಾವಾಗ ಕೈ ತಡೆಯಬೇಕು ಎಂಬುದೇ ಇದರ ವಿದ್ಯೆ. ಬಿತ್ತುವ ಮುಂದೆ ಹೊಲದ ಹಸಿ ನೋಡಿ ಗೊತ್ತಿರುವ ನಮ್ಮ ಅಜ್ಜಂದಿರಿಗೆ ಇದು ನಮಗಿಂತ ಬೇಗ ತಿಳಿದೀತು ಎಂದು ನನ್ನ ನಂಬಿಕೆ.

ಜಲವರ್ಣದಲ್ಲಿ ಬರೆಯಲು ನಮ್ಮ ಗದಗ ಸೀಮೆಯಲ್ಲೂ ನೋಟಗಳಿವೆ. ನಮ್ಮದು ಮಳೆ ಕಡಿಮೆ ಇರುವ ನಾಡು. ನೀರು ಕಂಡಲ್ಲಿ ಕಣ್ಣು ತಾನಾಗಿ ನಿಲ್ಲುತ್ತದೆ. ಮುಂಡರಗಿಯ ಕಡೆ ತುಂಗಭದ್ರೆ ಹರಿಯುತ್ತಾಳೆ. ಲಕ್ಕುಂಡಿಯಲ್ಲಿ ಕಲ್ಲಿನ ಮೆಟ್ಟಿಲಿಳಿದು ಹೋಗುವ ಮುಸುಕಿನ ಬಾವಿ ಇದೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲ ಬಂತೆಂದರೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಇಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಗೆ ಬಂದು ದಣಿವಾರಿಸಿಕೊಳ್ಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳಲ್ಲಿ ಒಂದಾಯಿತು. ಬೂದುಬಣ್ಣದ ಮೈ, ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ, ಕೆಳಗೆ ಹೊಳೆಯುವ ನೀರು: ಜಲವರ್ಣಕ್ಕೆ ಹೇಳಿ ಮಾಡಿಸಿದ ನೋಟ!

ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಅಜ್ಜನನ್ನೋ ಅಜ್ಜಿಯನ್ನೋ ಮಾಗಡಿಗೆ ಕರೆದುಕೊಂಡು ಹೋಗಿ. ದಂಡೆಯಲ್ಲಿ ಗದ್ದಲ ಬೇಡ, ಹಕ್ಕಿಗಳು ಬೆದರುತ್ತವೆ. ಬೆಂಗಳೂರಲ್ಲಿ ಇಳಿಯುವವರು ರುಮಾಲೆ ಆರ್ಟ್ ಹೌಸ್‌ನಲ್ಲಿ ಅವರ ಚಿತ್ರಗಳನ್ನು ಕಣ್ಣಾರೆ ನೋಡಿ. ಮೊದಲೇ ವಿಚಾರಿಸಿಕೊಂಡು ಹೋದರೆ ಒಳ್ಳೆಯದು. ಮಾಗಡಿಗೆ ಹೋಗುವಾಗ ಬಣ್ಣದ ಡಬ್ಬಿ ಒಂದೇ ಸಾಕು, ಕುಂಚ ಮಾತ್ರ ಎರಡು ಇರಲಿ. ಕಾಗದ ದಪ್ಪನೆಯದನ್ನೇ ಒಯ್ಯಿರಿ, ತೆಳ್ಳನೆಯದು ನೀರು ತಾಗಿದ ಕೂಡಲೇ ಮುದುಡುತ್ತದೆ. ಅಜ್ಜ ‘ನನಗೆಲ್ಲಿ ಬರತೈತೋ ಇದು’ ಎಂದರೆ, ರುಮಾಲೆಯವರ ವಯಸ್ಸು ಹೇಳಿ ಒಂದು ಕುಂಚ ಅವರ ಕೈಗೆ ಕೊಡಿ.