ಆಲ್ಫ್ರೆಡ್ ಬ್ಲೇಲಾಕ್

ಆಲ್ಫ್ರೆಡ್ ಬ್ಲೇಲಾಕ್ (5 ಏಪ್ರಿಲ್ 1899 – 15 ಸೆಪ್ಟೆಂಬರ್ 1964) ಅಮೆರಿಕದ ಶಸ್ತ್ರವೈದ್ಯರು. ಜನ್ಮಜಾತ ಹೃದಯದೋಷದಿಂದ ಮೈ ನೀಲಿಗಟ್ಟುವ ಮಕ್ಕಳಿಗೆ ನಡೆಸಿದ ಶಸ್ತ್ರಚಿಕಿತ್ಸೆಯಿಂದ ಇವರು ಪ್ರಸಿದ್ಧರಾದರು. ಅದಕ್ಕೂ ಮೊದಲು, ಥೈಮಸ್ ಗ್ರಂಥಿಯನ್ನು ತೆಗೆದು ಮಯಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯುದೌರ್ಬಲ್ಯ ರೋಗಕ್ಕೆ ಚಿಕಿತ್ಸೆ ನೀಡುವ ಪದ್ಧತಿಗೆ ತಳಹದಿ ಹಾಕಿದ್ದರು.

ಜನನ ಮತ್ತು ಶಿಕ್ಷಣ

ಬ್ಲೇಲಾಕ್ ಜಾರ್ಜಿಯಾ ರಾಜ್ಯದ ಕಲೋಡನ್‌ನಲ್ಲಿ ಜನಿಸಿದರು. 1922ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, 1925ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವನ್ನು ಸೇರಿದರು. ಗಾಯಾಳುಗಳಲ್ಲಿ ಉಂಟಾಗುವ ಆಘಾತಸ್ಥಿತಿಗೆ ರಕ್ತ ಮತ್ತು ದ್ರವದ ನಷ್ಟವೇ ಮುಖ್ಯ ಕಾರಣವೆಂದು ಅಲ್ಲಿ ಪ್ರಯೋಗಗಳಿಂದ ತೋರಿಸಿದರು.

ಥೈಮಸ್ ಶಸ್ತ್ರಚಿಕಿತ್ಸೆ

ಥೈಮಸ್ ಎದೆಮೂಳೆಯ ಹಿಂಭಾಗದಲ್ಲಿರುವ ಗ್ರಂಥಿ. ಮಯಸ್ತೇನಿಯಾ ರೋಗಿಗಳಲ್ಲಿ ಕೆಲವರಿಗೆ ಈ ಗ್ರಂಥಿಯಲ್ಲಿ ಗೆಡ್ಡೆ ಬೆಳೆದಿರುತ್ತದೆ. ಈ ರೋಗದಲ್ಲಿ ಕಣ್ಣಿನ ರೆಪ್ಪೆಗಳು ಇಳಿಬೀಳುತ್ತವೆ, ನುಂಗುವುದು ಕಷ್ಟವಾಗುತ್ತದೆ. ತೀವ್ರವಾದಾಗ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. 1936ರಲ್ಲಿ ಬ್ಲೇಲಾಕ್ ಇಂತಹ ಯುವತಿಯೊಬ್ಬಳ ಎದೆಮೂಳೆಯನ್ನು ಸೀಳಿ ಗೆಡ್ಡೆಯನ್ನು ಹೊರತೆಗೆದರು. ಆಕೆಯ ಸ್ಥಿತಿ ಸುಧಾರಿಸಿತು. ಸಹೋದ್ಯೋಗಿಗಳೊಡನೆ ಅವರು ಈ ವರದಿಯನ್ನು ಪ್ರಕಟಿಸಿದ್ದು 1939ರಲ್ಲಿ.

ಸುಧಾರಣೆಗೆ ಕಾರಣ ಗೆಡ್ಡೆಯನ್ನು ತೆಗೆದದ್ದೋ ಗ್ರಂಥಿಯನ್ನು ತೆಗೆದದ್ದೋ ಎಂಬ ಪ್ರಶ್ನೆ ಉಳಿಯಿತು. ಥೈಮಸ್‌ನ ಕಾರ್ಯವೇನೆಂಬುದು ಆಗ ತಿಳಿದಿರಲಿಲ್ಲ. 1941ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ಬ್ಲೇಲಾಕ್, ಗೆಡ್ಡೆಯಿಲ್ಲದ ರೋಗಿಗಳಲ್ಲೂ ಥೈಮಸ್ ತೆಗೆಯತೊಡಗಿದರು. 1944ರಲ್ಲಿ 20 ರೋಗಿಗಳ ವಿವರವನ್ನು ಪ್ರಕಟಿಸಿದರು. ಮುಂದೆ ಬ್ರಿಟನ್ನಿನ ಜೆಫ್ರಿ ಕೇನ್ಸ್ ಈ ಚಿಕಿತ್ಸೆಯನ್ನು ಬೆಳೆಸಿದರು.

ಹೃದಯ ಶಸ್ತ್ರಚಿಕಿತ್ಸೆ

ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟಾಸಿಗ್ ಅವರ ಸಲಹೆಯಂತೆ, 1944ರ ನವೆಂಬರ್ 29ರಂದು ಬ್ಲೇಲಾಕ್ ಹಸುಳೆಯೊಂದರ ತೋಳಿನ ಕಡೆಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ರಕ್ತನಾಳಕ್ಕೆ ಜೋಡಿಸಿದರು. ಇದರಿಂದ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಯುವಂತಾಯಿತು. ಈ ವಿಧಾನವನ್ನು ನಾಯಿಗಳ ಮೇಲೆ ಪ್ರಯೋಗಿಸಿ ಸಿದ್ಧಪಡಿಸಿದವರು ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್. ವೈದ್ಯಕೀಯ ಶಿಕ್ಷಣವಿಲ್ಲದ ಕಪ್ಪುವರ್ಣೀಯರಾದ ಥಾಮಸ್ ಶಸ್ತ್ರಚಿಕಿತ್ಸೆಯ ವೇಳೆ ಬ್ಲೇಲಾಕ್ ಅವರ ಹಿಂದೆ ನಿಂತು ಸಲಹೆ ನೀಡಿದರು. ಆದರೆ ಅವರ ಪಾಲು ದೀರ್ಘಕಾಲ ಮನ್ನಣೆ ಪಡೆಯಲಿಲ್ಲ. ಜಾನ್ಸ್ ಹಾಪ್ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1976ರಲ್ಲಿ, ಬ್ಲೇಲಾಕ್ ನಿಧನರಾದ 12 ವರ್ಷಗಳ ನಂತರ.

ಗೌರವ ಮತ್ತು ನಿಧನ

ಬ್ಲೇಲಾಕ್ 1954ರಲ್ಲಿ ಟಾಸಿಗ್ ಮತ್ತು ರಾಬರ್ಟ್ ಗ್ರಾಸ್ ಅವರೊಡನೆ ಲಾಸ್ಕರ್ ಪ್ರಶಸ್ತಿ ಪಡೆದರು. 1964ರಲ್ಲಿ ನಿವೃತ್ತರಾಗಿ ಅದೇ ವರ್ಷ ಬಾಲ್ಟಿಮೋರ್‌ನಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ರೋಗನಿರೋಧಕ ವ್ಯವಸ್ಥೆಯಲ್ಲಿ ಥೈಮಸ್‌ನ ಪಾತ್ರವನ್ನು 1961ರಲ್ಲಿ ಜಾಕ್ ಮಿಲ್ಲರ್ ತೋರಿಸಿದರು. ಗೆಡ್ಡೆಯಿಲ್ಲದ 126 ಮಯಸ್ತೇನಿಯಾ ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಅಧ್ಯಯನ 2016ರಲ್ಲಿ ಪ್ರಕಟವಾಗಿ, ಔಷಧವೊಂದನ್ನೇ ನೀಡುವುದಕ್ಕಿಂತ ಥೈಮಸ್ ತೆಗೆದು ಔಷಧ ನೀಡುವುದು ಹೆಚ್ಚು ಪ್ರಯೋಜನಕಾರಿ ಎಂದು ದೃಢಪಡಿಸಿತು. ಗೆಡ್ಡೆಯಿಲ್ಲದವರಲ್ಲಿ ಬ್ಲೇಲಾಕ್ ಆರಂಭಿಸಿದ ಚಿಕಿತ್ಸೆಗೆ ಹೀಗೆ 75 ವರ್ಷಗಳ ಬಳಿಕ ಖಚಿತ ಆಧಾರ ದೊರೆಯಿತು.

ಥೈಮಸ್ ಗೆಡ್ಡೆಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಗೆಡ್ಡೆ ಸುತ್ತಲಿನ ಅಂಗಗಳಿಗೆ ಹರಡಿದ್ದರೆ ವಿಕಿರಣ ಚಿಕಿತ್ಸೆ ಅಥವಾ ಕೀಮೋಥೆರಪಿಯನ್ನೂ ಬಳಸಲಾಗುತ್ತದೆ. ಗೆಡ್ಡೆಯ ಜೊತೆಗೆ ಮಯಸ್ತೇನಿಯಾ ಇದ್ದರೆ ನರರೋಗ, ಕ್ಯಾನ್ಸರ್ ಮತ್ತು ಶಸ್ತ್ರಚಿಕಿತ್ಸಾ ತಜ್ಞರು ಒಟ್ಟಾಗಿ ನಿರ್ಧರಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಇಂತಹ ನರರೋಗಗಳಿಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಪ್ರಮುಖ ಸರ್ಕಾರಿ ಸಂಸ್ಥೆಗಳಾಗಿದ್ದು, ಎರಡೂ ದಕ್ಷಿಣ ಬೆಂಗಳೂರಿನಲ್ಲಿ ಜಯನಗರದ ಸಮೀಪ, ಹೊಸೂರು ರಸ್ತೆಯಲ್ಲಿವೆ.