ಬಿ.ಜಿ.ಎಲ್. ಸ್ವಾಮಿ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ (ಫೆಬ್ರವರಿ ೫, ೧೯೧೮ – ನವೆಂಬರ್ ೨, ೧೯೮೦) ಭಾರತದ ಪ್ರಮುಖ ಸಸ್ಯವಿಜ್ಞಾನಿಗಳಲ್ಲಿ ಒಬ್ಬರು ಹಾಗೂ ಕನ್ನಡದ ಲೇಖಕರು. ಹೂವಿನ ಅಂಗರಚನೆ, ಅಂಡಕದ ಬೆಳವಣಿಗೆ ಮತ್ತು ಬೀಜದೊಳಗಿನ ಭ್ರೂಣದ ಉಗಮ ಅವರ ಸಂಶೋಧನೆಯ ಮುಖ್ಯ ಕ್ಷೇತ್ರಗಳು. ಸಾಮಾನ್ಯ ಓದುಗರು ಅವರನ್ನು ಹಾಸ್ಯಪ್ರಜ್ಞೆಯ ಗದ್ಯಲೇಖಕರೆಂದೇ ಹೆಚ್ಚಾಗಿ ಬಲ್ಲರು. ಆದರೆ ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಅವರ ಹೆಸರು ಉಳಿದಿರುವುದು ಸೂಕ್ಷ್ಮದರ್ಶಕದ ಮುಂದೆ ಕಳೆದ ವರ್ಷಗಳ ಫಲವಾಗಿ.

ಜನನ, ವಿದ್ಯಾಭ್ಯಾಸ

ಸ್ವಾಮಿಯವರ ತಂದೆ ಕವಿ, ಪತ್ರಕರ್ತ ಡಿ.ವಿ. ಗುಂಡಪ್ಪ. ತಂದೆಯ ಹೆಸರಿನ ಮೊದಲ ಅಕ್ಷರ ದೇವನಹಳ್ಳಿಯನ್ನು ಸೂಚಿಸಿದರೆ, ಮಗನ ಹೆಸರಿನ ಮೊದಲ ಅಕ್ಷರ ಬೆಂಗಳೂರನ್ನು ಸೂಚಿಸುತ್ತದೆ. ತಾಯಿ ಭಾಗೀರಥಮ್ಮ ಸ್ವಾಮಿಯವರ ಬಾಲ್ಯದಲ್ಲಿಯೇ ತೀರಿಕೊಂಡರು. ಡಿ.ವಿ.ಜಿ. ಮರುಮದುವೆಯಾಗಲಿಲ್ಲ. ಸಾಹಿತ್ಯದ ವಾತಾವರಣವಿದ್ದ ಮನೆಯಲ್ಲಿ ಬೆಳೆದ ಮಗ ಆರಿಸಿಕೊಂಡದ್ದು ವಿಜ್ಞಾನವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿ ಪದವಿ ಪಡೆದ ಅವರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿಗೂ ಪಾತ್ರರಾದರು.

ಆರ್ಕಿಡ್‌ಗಳ ಅಧ್ಯಯನ

ಪದವಿಯ ನಂತರದ ವರ್ಷಗಳಲ್ಲಿ ಸ್ವಾಮಿಯವರು ಮನೆಯಲ್ಲೇ ಒಂದು ಪ್ರಯೋಗಾಲಯವನ್ನು ಸಜ್ಜುಗೊಳಿಸಿಕೊಂಡು ಸಂಶೋಧನೆಯನ್ನು ಮುಂದುವರಿಸಿದರು. ಭ್ರೂಣಶಾಸ್ತ್ರಕ್ಕೆ ಆ ಕಾಲದಲ್ಲಿ ಬೇಕಾಗಿದ್ದುದು ದೊಡ್ಡ ಯಂತ್ರಗಳಿಗಿಂತ ಹೆಚ್ಚಾಗಿ ತಾಳ್ಮೆ. ಬೇರೆ ಬೇರೆ ವಯಸ್ಸಿನ ಮೊಗ್ಗು, ಹೂವು, ಕಾಯಿಗಳನ್ನು ಸಂಗ್ರಹಿಸಿ, ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳುವಾದ ಹಾಳೆಗಳಾಗಿ ಸೀಳಿ, ಬಣ್ಣ ಹಾಕಿ, ಒಂದೊಂದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಬೇಕು. ಜೀವಂತ ಗಿಡದಲ್ಲಿ ಕಾಣಲಾಗದ ಬೆಳವಣಿಗೆಯ ಕ್ರಮವನ್ನು ಈ ಸತ್ತ ತುಣುಕುಗಳನ್ನು ಸಾಲಾಗಿ ಜೋಡಿಸಿ ಊಹಿಸಬೇಕು. ಒಳ್ಳೆಯ ಚಿತ್ರಕಾರರಾಗಿದ್ದುದು ಸ್ವಾಮಿಯವರಿಗೆ ಇಲ್ಲಿ ಅನುಕೂಲವಾಯಿತು.

ಅವರು ಆರಿಸಿಕೊಂಡ ಆರ್ಕಿಡ್ ಕುಟುಂಬವಂತೂ ಹಲವು ನಿಯಮಗಳಿಗೆ ಅಪವಾದ. ಹೂಬಿಡುವ ಬಹುಪಾಲು ಸಸ್ಯಗಳಲ್ಲಿ ದ್ವಿನಿಷೇಚನ ನಡೆಯುತ್ತದೆ. ಒಂದು ಗಂಡುಕೋಶ ಅಂಡದೊಡನೆ ಸೇರಿ ಭ್ರೂಣವಾಗುತ್ತದೆ, ಇನ್ನೊಂದು ಭ್ರೂಣದ ಆಹಾರವಾಗುವ ಅಂಗಾಂಶಕ್ಕೆ ನಾಂದಿಯಾಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹೊಲಗಳಲ್ಲಿ ಬೆಳೆಯುವ ಮುಸುಕಿನ ಜೋಳದ ಕಾಳಿನ ಬಹುಭಾಗ ಈ ಎರಡನೆಯ ಅಂಗಾಂಶವೇ. ಆರ್ಕಿಡ್‌ಗಳಲ್ಲಾದರೋ ಅದು ಬೆಳೆಯುವುದೇ ಇಲ್ಲ, ಅಥವಾ ಕೆಲವೇ ಕೋಶಗಳಾಗಿ ನಶಿಸಿಹೋಗುತ್ತದೆ. ಆದ್ದರಿಂದ ಬೀಜಗಳು ದೂಳಿನಷ್ಟು ಸಣ್ಣವು. ಶಿಲೀಂಧ್ರದ ನೆರವಿಲ್ಲದೆ ನಿಸರ್ಗದಲ್ಲಿ ಮೊಳೆಯಲಾರವು.

ಇನ್ನೊಂದು ವೈಚಿತ್ರ್ಯವೆಂದರೆ, ಅನೇಕ ಆರ್ಕಿಡ್‌ಗಳಲ್ಲಿ ಹೂವರಳಿದಾಗ ಅಂಡಕಗಳಿನ್ನೂ ರೂಪುಗೊಂಡಿರುವುದಿಲ್ಲ. ಪರಾಗ ಬಿದ್ದ ಮೇಲಷ್ಟೇ ಅವು ಬೆಳೆಯತೊಡಗುತ್ತವೆ. ಜರ್ಮನಿಯ ಹಾನ್ಸ್ ಫಿಟ್ಟಿಂಗ್ ೨೦ನೇ ಶತಮಾನದ ಆರಂಭದಲ್ಲಿ ಆರ್ಕಿಡ್ ಪರಾಗದ ಸಾರವೊಂದೇ ಹೂವಿನಲ್ಲಿ ಇಂತಹ ಬದಲಾವಣೆಯನ್ನು ಉಂಟುಮಾಡಬಲ್ಲದೆಂದು ಕಂಡು, ಹಾರ್ಮೋನು ಎಂಬ ಪದವನ್ನು ಸಸ್ಯಗಳಿಗೆ ಅನ್ವಯಿಸಿದ್ದರು. ಆ ಸಾರದಲ್ಲಿ ಆಕ್ಸಿನ್ ಇದೆಯೆಂಬುದು ೧೯೩೦ರ ದಶಕದಲ್ಲಿ ತಿಳಿಯಿತು. ಸ್ವಾಮಿಯವರದು ರಾಸಾಯನಿಕ ಪ್ರಯೋಗದ ಹಾದಿಯಲ್ಲ, ರಚನೆಯನ್ನು ಅನುಸರಿಸುವ ಹಾದಿ. ಯಾವ ಕೋಶ ಯಾವುದಾಗುತ್ತದೆ ಎಂಬುದನ್ನು ಹಂತಹಂತವಾಗಿ ಗುರುತಿಸಿದ ಅವರ ಆರ್ಕಿಡ್ ಭ್ರೂಣಶಾಸ್ತ್ರದ ಲೇಖನಮಾಲೆ ೧೯೪೯ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಹಾರ್ವರ್ಡ್

೧೯೪೦ರ ದಶಕದ ಕೊನೆಯಲ್ಲಿ ಸ್ವಾಮಿಯವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ವಿಡ್ಮರ್ ಬೈಲಿಯವರೊಡನೆ ಕೆಲಸ ಮಾಡಿದರು. ಮೊದಲ ಹೂವು ಹೇಗಿದ್ದೀತು ಎಂಬುದು ಬೈಲಿಯವರ ಪ್ರಯೋಗಾಲಯದ ದೊಡ್ಡ ಪ್ರಶ್ನೆ. ಫಿಜಿ ದ್ವೀಪದ ಡಿಜೆನೇರಿಯಾ, ಆಸ್ಟ್ರೇಲಿಯದ ಆಸ್ಟ್ರೋಬೈಲಿಯಾ ಮೊದಲಾದ ಅಪರೂಪದ ಸಸ್ಯಗಳನ್ನು ಇಬ್ಬರೂ ಪರಿಶೀಲಿಸಿದರು.

ಇದರಿಂದ ಹೊರಬಂದ ೧೯೫೧ರ ಜಂಟಿ ಲೇಖನವೇ ಬಹುಶಃ ಸ್ವಾಮಿಯವರ ಅತ್ಯಂತ ಪ್ರಸಿದ್ಧ ವೈಜ್ಞಾನಿಕ ಕೃತಿ. ಅಂಡಕಗಳನ್ನು ಒಳಗಿಟ್ಟುಕೊಳ್ಳುವ ಕಾರ್ಪೆಲ್ ಎಂಬ ಅಂಗವು ಮೂಲದಲ್ಲಿ ನಡುನರದ ಗುಂಟ ಮಡಿಸಿದ ಎಲೆಯಂತಿತ್ತು ಎಂಬುದು ಅದರ ವಾದ. ಡಿಜೆನೇರಿಯಾದಂತಹ ಸಸ್ಯಗಳಲ್ಲಿ ಈ ಮಡಿಕೆಯ ಅಂಚುಗಳು ಹೂವಿನ ಹಂತದಲ್ಲಿ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಅಂಚಿನುದ್ದಕ್ಕೂ ಇರುವ ರೋಮಗಳೇ ಪರಾಗವನ್ನು ಹಿಡಿಯುತ್ತವೆ. ಕ್ರಮೇಣ ಅಂಚುಗಳು ಮುಚ್ಚಿ, ಪರಾಗ ಹಿಡಿಯುವ ಭಾಗ ತುದಿಗೆ ಸೀಮಿತವಾಗಿ, ಇಂದು ಸಾಮಾನ್ಯವಾಗಿ ಕಾಣುವ ಶಲಾಕೆ ಮತ್ತು ಶಲಾಕಾಗ್ರ ರೂಪುಗೊಂಡವು ಎಂದು ಲೇಖನ ಪ್ರತಿಪಾದಿಸಿತು. ಅದು ದೀರ್ಘಕಾಲ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿತ್ತು.

ಎಲ್ಲ ತೀರ್ಮಾನಗಳೂ ಹಾಗೆ ಉಳಿಯಲಿಲ್ಲ. ಸಾರ್ಕ್ಯಾಂಡ್ರ ಎಂಬ ಸಸ್ಯದ ಮರದಲ್ಲಿ ನೀರು ಸಾಗಿಸುವ ಅಗಲ ನಾಳಗಳೇ ಇಲ್ಲವೆಂದು ಸ್ವಾಮಿ ಮತ್ತು ಬೈಲಿ ೧೯೫೦ರಲ್ಲಿ ವರದಿ ಮಾಡಿದ್ದರು. ಆ ನಾಳಗಳು ಇವೆಯೆಂದು ಶೆರ್ವಿನ್ ಕಾರ್ಲ್‌ಕ್ವಿಸ್ಟ್ ೧೯೮೭ರಲ್ಲಿ ತೋರಿಸಿದರು. ಗುರುವಿನ ನೆನಪಿಗೆ ಇದೇ ಕುಲದ ಒಂದು ಪ್ರಭೇದಕ್ಕೆ ಸ್ವಾಮಿಯವರು ಸಾರ್ಕ್ಯಾಂಡ್ರ ಇರ್ವಿಂಗ್‌ಬೈಲಿಯಿ ಎಂದು ಹೆಸರಿಟ್ಟಿದ್ದರು.

ಮದರಾಸಿನ ವರ್ಷಗಳು

ಭಾರತಕ್ಕೆ ಮರಳಿದ ಮೇಲೆ ೧೯೫೩ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಈ ಕಾಲದಲ್ಲಿ ಅವರನ್ನು ಹೆಚ್ಚು ಕಾಡಿದ್ದು ಏಕದಳ ಸಸ್ಯಗಳ ಭ್ರೂಣ. ಅವರೆ, ಕಡಲೆಗಳಲ್ಲಿ ಎರಡು ಬೀಜದಳಗಳ ನಡುವೆ ಕಾಂಡದ ತುದಿ ಹುಟ್ಟುತ್ತದೆ. ರಾಗಿ, ಭತ್ತ, ಮುಸುಕಿನ ಜೋಳಗಳಲ್ಲಿ ಬೀಜದಳ ಒಂದೇ, ಕಾಂಡದ ತುದಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಅದು ನಿಜವಾಗಿಯೂ ಪಕ್ಕದಲ್ಲೇ ಹುಟ್ಟಿತೇ, ಅಥವಾ ಬೀಜದಳ ಬಲಿತು ಅದನ್ನು ಬದಿಗೊತ್ತಿತೇ ಎಂಬ ವಿವಾದ ಬಹುಕಾಲದ್ದು. ೧೯೬೨ರಲ್ಲಿ ಸ್ವಾಮಿಯವರು ಏಕದಳ ಭ್ರೂಣದ ಬಗ್ಗೆ ಹೊಸದೊಂದು ಊಹಾಸಿದ್ಧಾಂತವನ್ನು ಮಂಡಿಸಿ, ಶಿಷ್ಯರೊಡನೆ ಜಲಸಸ್ಯಗಳ ಭ್ರೂಣಗಳನ್ನು ಪರೀಕ್ಷಿಸಿದರು.

ಒಂದೇ ಬಗೆಯ ಕೋಶಗಳಲ್ಲಿ ಕೆಲವು ಬೀಜದಳವಾಗಿ, ಕೆಲವು ಕಾಂಡವಾಗಿ ಬೆಳೆಯುವುದೇಕೆ ಎಂಬುದಕ್ಕೆ ಮೇಣದ ಹಾಳೆಗಳಲ್ಲಿ ಉತ್ತರವಿರಲಿಲ್ಲ. ಆ ಭಾಗವನ್ನು ತುಂಬಿದವರು ಅನಂತರದ ತಲೆಮಾರಿನವರು. ಎಳೆಯ ಭ್ರೂಣದಲ್ಲಿ ಆಕ್ಸಿನ್ ಎಲ್ಲಿ ಶೇಖರವಾಗುತ್ತದೆ ಎಂಬುದು ಅಂಗಗಳ ಸ್ಥಾನವನ್ನು ನಿರ್ಧರಿಸುವ ಅಂಶಗಳಲ್ಲಿ ಒಂದೆಂದು ಈಗ ತಿಳಿದಿದೆ. ಹೂವಿನ ವಿಷಯದಲ್ಲಿ ಮುಸುಕಿನ ಜೋಳವೇ ಒಳ್ಳೆಯ ನಿದರ್ಶನ. ಅದರ ತುದಿಯ ಗಂಡು ಗೊಂಚಲೂ ನಡುವಿನ ಹೆಣ್ಣು ತೆನೆಯೂ ಆರಂಭದಲ್ಲಿ ದ್ವಿಲಿಂಗಿ ಹೂಗಳನ್ನೇ ಹೊತ್ತಿರುತ್ತವೆ. ಬಳಿಕ ಒಂದು ಕಡೆ ಅಂಡಾಶಯ, ಇನ್ನೊಂದು ಕಡೆ ಕೇಸರ ಬೆಳವಣಿಗೆ ನಿಲ್ಲಿಸುತ್ತದೆ. ಜಿಬ್ಬರೆಲಿನ್ ಕೊರತೆಯ ಕುಬ್ಜ ಗಿಡಗಳಲ್ಲಿ ತೆನೆಯಲ್ಲೂ ಕೇಸರ ಉಳಿಯುತ್ತದೆ. ಜಾಸ್ಮೋನಿಕ್ ಆಮ್ಲ ತಯಾರಿಸಲಾರದ ಗಿಡಗಳಲ್ಲಿ ಗಂಡು ಗೊಂಚಲಿನಲ್ಲೇ ಕಾಳು ಕಟ್ಟುತ್ತದೆ. ಯಾವ ಅಂಗ ಯಾವ ಹಂತದಲ್ಲಿ ನಿಲ್ಲುತ್ತದೆಂಬ ವಿವರ ಮೊದಲೇ ಇಲ್ಲದಿದ್ದರೆ ಇಂತಹ ಗಿಡಗಳನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗುತ್ತಿತ್ತು.

ಕನ್ನಡ ಬರಹ

ವಿದ್ಯಾರ್ಥಿಗಳೊಡನೆ ಕಾಡುಮೇಡು ಅಲೆದ ಸಸ್ಯಸಂಗ್ರಹ ಪ್ರವಾಸಗಳು ಹಸುರು ಹೊನ್ನು ಕೃತಿಯಾದವು. ಅದರ ರೇಖಾಚಿತ್ರಗಳೂ ಅವರವೇ. ಈ ಕೃತಿಗೆ ೧೯೭೮ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತಂದೆಗೂ ೧೯೬೭ರಲ್ಲಿ ಇದೇ ಪ್ರಶಸ್ತಿ ದೊರೆತಿತ್ತು. ಕಾಲೇಜು ರಂಗವನ್ನು ಪುಟ್ಟಣ್ಣ ಕಣಗಾಲ್ ೧೯೭೬ರಲ್ಲಿ ಚಲನಚಿತ್ರವಾಗಿಸಿದರು. ಮದರಾಸಿನ ಬದುಕು ತಮಿಳು ತಲೆಗಳ ನಡುವೆ ಕೃತಿಗೂ, ಹಾರ್ವರ್ಡ್ ದಿನಗಳು ಅಮೆರಿಕದಲ್ಲಿ ನಾನು ಕೃತಿಗೂ ವಸ್ತುವಾದವು. ನಮ್ಮ ಅಡುಗೆಮನೆಯನ್ನು ಹೊಕ್ಕ ಹೊಸ ಜಗತ್ತಿನ ಬೆಳೆಗಳ ಕಥೆ ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕ. ಶಾಸ್ತ್ರವನ್ನು ಸಡಿಲಗೊಳಿಸದೆ ನಗಿಸುವುದು ಇವುಗಳೆಲ್ಲದರ ಗುಣ.

ವಿಜ್ಞಾನದ ಕಡೆ ಅವರ ಕೊನೆಯ ದೊಡ್ಡ ಕೆಲಸ, ಕೆ.ವಿ. ಕೃಷ್ಣಮೂರ್ತಿಯವರೊಡನೆ ಇಂಗ್ಲಿಷಿನಲ್ಲಿ ಬರೆದ, ಹೂವಿನಿಂದ ಹಣ್ಣಿನವರೆಗಿನ ಬೆಳವಣಿಗೆಯನ್ನು ವಿವರಿಸುವ ಭ್ರೂಣಶಾಸ್ತ್ರದ ಗ್ರಂಥ. ಅದು ಪ್ರಕಟವಾದ ೧೯೮೦ರಲ್ಲೇ ಸ್ವಾಮಿಯವರು ನಿಧನರಾದರು. ಅವರಿಗೆ ಆಗ ೬೨ ವರ್ಷ.